ಕಾಂತರಾಜು ಐಡ್ಲಿಂಗ್ ಇಳಿಸಿದ್ದು

ಕೆರೆ ಏರಿಯ ತಿರುವಿನಲ್ಲಿ ಕಾರಿನ ಎಂಜಿನ್ ಕೆಮ್ಮಿ ನಿಂತುಬಿಟ್ಟಿತು. ಕಾಂತರಾಜು ಮತ್ತೆ ಮತ್ತೆ ಬ್ರೇಕ್ ಒತ್ತಿದರೆ ಕಲ್ಲು ಒತ್ತಿದ ಹಾಗೆ. ಉರುಳುತ್ತಿದ್ದ ಕಾರನ್ನು ಹೇಗೋ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ. ಪಕ್ಕದಲ್ಲಿದ್ದ ಹೆಂಡತಿ ಅರ್ಪಿತ ತುಂಬು ಬಸುರಿನ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಾರು ಮತ್ತೆ ಸ್ಟಾರ್ಟ್ ಆಗಿ ಮನೆ ಸೇರಿದ ಮೇಲೆ, ಚಪ್ಪಲಿ ಬಿಡುವಾಗ ಹೇಳಿದಳು:

"ಇದು ಸರಿಯಾಗೋ ತನಕ ನಾನು ಈ ಕಾರು ಹತ್ತಲ್ಲ. ಹೆರಿಗೆ ನೋವು ಬಂದ್ರೂ ಹತ್ತಲ್ಲ."

ಗಂಡನ ಮುಂದೆ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಹಳೇ ಕಾರಿನ ಹಿಂದಿನ ಸೀಟು ಬಿಚ್ಚಿಸಿ, ಊರವರ ರೇಷ್ಮೆಗೂಡನ್ನು ದೇವನಹಳ್ಳಿ ಹತ್ತಿರದ ವಿಜಯಪುರದ ಮಾರ್ಕೆಟ್ಟಿಗೆ ಸಾಗಿಸುವುದು ಕಾಂತರಾಜುವಿನ ಕೆಲಸ. ಎಂಜಿನ್ ಜೋರಾಗಿ ಓಡಿದರೆ ಅದುರಿ, ಗೂಡಿನೊಳಗಿನ ಹುಳು ಒಡೆದು ನೂಲಿಗೆ ಕಲೆ ಬೀಳುತ್ತದೆಂದು ಅವನ ಲೆಕ್ಕ. ಅದಕ್ಕೇ ಗಾಡಿ ನಿಂತಾಗ ಎಂಜಿನ್ ಓಡುವ ವೇಗವನ್ನು, ಅಂದರೆ ಐಡ್ಲಿಂಗನ್ನು, ತಾನೇ ಸ್ಕ್ರೂ ತಿರುಗಿಸಿ ಇಳಿಸಿದ್ದ.

ಮಾರನೇ ದಿನ ಅರ್ಪಿತಳ ತಂಗಿ ಪ್ರಮೋದಾ ಬಂದಳು. ದೇವನಹಳ್ಳಿಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಅವಳು.

"ಏನ್ ಭಾವ, ಕಾರಿಗೆ ಜೋಗುಳ ಹಾಡಿ ಮಲಗಿಸ್ಬಿಟ್ಟಿದ್ದೀರಂತೆ?"

"ನಗು, ನಗು. ಪೆಟ್ರೋಲ್ ಎಷ್ಟು ಉಳೀತು ಗೊತ್ತಾ? ಸದ್ದೂ ಇಲ್ಲ."

"ಉಳಿಯುತ್ತೆ, ಇಲ್ಲ ಅನ್ನಲ್ಲ. ಐಡ್ಲಿಂಗ್ ಜಾಸ್ತಿ ಇದ್ರೆ ಪೆಟ್ರೋಲ್ ದಂಡ, ಗೇರಲ್ಲಿ ಗಾಡಿ ತಾನಾಗೇ ಮುಂದಕ್ಕೆ ನುಗ್ಗುತ್ತೆ. ಆದ್ರೆ ನೀವು ತೀರಾ ಇಳಿಸ್ಬಿಟ್ಟಿದ್ದೀರ. ಸ್ಟಾರ್ಟ್ ಮಾಡಿ, ಬಿಸಿಯಾಗ್ಲಿ."

ಬಿಸಿಯಾದ ಎಂಜಿನ್ ಜ್ವರ ಬಂದವರಂತೆ ನಡುಗಿತು. ಬಾನೆಟ್ ಮೇಲೆ ಕೈಯಿಟ್ಟ ಕಾಂತರಾಜುವಿನ ಮುಖ ಸಪ್ಪಗಾಯಿತು. ಗೂಡು ಅದುರಬಾರದೆಂದು ಇಳಿಸಿದ್ದೇ ಅದನ್ನು ಇನ್ನಷ್ಟು ಅದುರಿಸುತ್ತಿತ್ತು. ಆಯಿಲ್‌ನ ಕೆಂಪು ದೀಪ ಬೇರೆ ಮಿನುಗಿತು.

"ನೋಡಿ, ಎಂಜಿನ್ನಿಗೆ ಆಯಿಲ್ ಸರಿಯಾಗಿ ಹರೀತಿಲ್ಲ. ಬ್ಯಾಟರೀನೂ ಚಾರ್ಜ್ ಆಗಲ್ಲ. ಈಗ ಹೆಡ್‌ಲೈಟ್ ಹಾಕಿ."

ಹಾಕಿದ. ಎಂಜಿನ್ ನಿಂತೇಹೋಯಿತು.

"ಲೈಟ್ ಹಾಕಿದ್ದಕ್ಕೆ ಕಣಮ್ಮಾ ನಿಂತಿದ್ದು," ಎಂದ ಕಾಂತರಾಜು.

"ಲೈಟಿನ ಭಾರ ತಡೆಯೋ ಶಕ್ತೀನೂ ಎಂಜಿನ್ನಿಗಿಲ್ಲ. ಅಕ್ಕಂಗೆ ರಾತ್ರಿ ನೋವು ಬಂದ್ರೆ ಲೈಟ್ ಹಾಕ್ದೆ ಓಡಿಸ್ತೀರಾ? ಎಂಜಿನ್ ನಿಂತ್ಮೇಲೆ ಒಂದೆರಡು ಸಲ ಒತ್ತೋಷ್ಟರಲ್ಲಿ ಬ್ರೇಕೂ ಗಟ್ಟಿಯಾಗುತ್ತೆ, ಭಾವ."

ಕಾಂತರಾಜು ಹೆಂಡತಿಯ ಕಡೆ ನೋಡಿದ. ಅರ್ಪಿತ ಹೊಸಿಲಿನಿಂದ ಕದಲಲಿಲ್ಲ.

"ಸರಿ ಮಾಡಮ್ಮಾ," ಎಂದ ಮೆಲ್ಲಗೆ.

ಆಕ್ಸಿಲರೇಟರ್ ವೈರು ಬಿಗಿಯಾಗಿತ್ತು. ಮೊದಲು ಎಂಜಿನ್ ಜೋರಾಗಿ ಓಡುತ್ತಿದ್ದದ್ದು ಅದಕ್ಕೇ. ಪ್ರಮೋದಾ ಅದನ್ನು ಸಡಿಲಿಸಿ, ಎಂಜಿನ್ನಿನ ವೇಗ ಅಳೆಯುವ ಮೀಟರ್ ಹಾಕಿ, ಕಾರಿನ ಪುಸ್ತಕದಲ್ಲಿದ್ದ ಅಂಕಿಗೇ ಐಡ್ಲಿಂಗ್ ತಂದು ನಿಲ್ಲಿಸಿದಳು. ಹೆಡ್‌ಲೈಟ್ ಹಾಕಿದರೂ ಎಂಜಿನ್ ನಿಲ್ಲಲಿಲ್ಲ, ನಡುಗಲೂ ಇಲ್ಲ.

"ಪೆಟ್ರೋಲ್ ಉಳಿಸ್ಬೇಕಾ? ಮಾರ್ಕೆಟ್ ಕ್ಯೂನಲ್ಲಿ ಎಂಜಿನ್ ಆಫ್ ಮಾಡಿ."

ಅರ್ಪಿತ ಇಳಿದು ಬಂದು ಮುಂದಿನ ಸೀಟಿನಲ್ಲಿ ಕೂತಳು. "ನಡೀರಿ, ಇವತ್ತಿನ ಚೆಕಪ್ಪಿಗೆ ಹೊತ್ತಾಗುತ್ತೆ."

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕಾರೂ ನಿಂತಲ್ಲಿ ನಡುಗುತ್ತಿದ್ದರೆ, ಲೈಟ್ ಹಾಕಿದೊಡನೆ ಎಂಜಿನ್ ಸೋಲುತ್ತಿದ್ದರೆ, ಇವತ್ತೇ ಮೆಕ್ಯಾನಿಕ್‌ಗೆ ತೋರಿಸಿ. ಸದ್ದು ಜಾಸ್ತಿಯೆಂದು ನೀವೇ ಸ್ಕ್ರೂ ತಿರುಗಿಸಬೇಡಿ. ಜಾಸ್ತಿ ಯಾಕಾಯಿತೆಂದು ಕೇಳಿ. ಹೊಸ ಕಾರುಗಳಲ್ಲಿ ಐಡ್ಲಿಂಗನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ, ಅಲ್ಲಿ ಕೈ ಹಾಕಲೇ ಬೇಡಿ. ಮನೆಯವರು ಹೆದರಿ ಕಾರು ಹತ್ತುವುದಿಲ್ಲ ಎಂದರೆ, ಸಿಟ್ಟಾಗುವ ಮೊದಲು ಬಾನೆಟ್ ತೆಗೆಸಿ ನೋಡಿ.