ನಗಾರಿಯವನ ಕತ್ತಿನ ಸೂಜಿ

ಕಾಣೆಯಾದವನು ಹೆಬ್ಬೆರಳಿಗಿಂತ ಎತ್ತರವಿರಲಿಲ್ಲ. ಆದರೂ ಟೈಲರಮ್ಮ ಮನೆಯನ್ನೆಲ್ಲ ಜಾಲಾಡಿದ್ದಳು. ಹೊಲಿಗೆ ಯಂತ್ರದ ಅಡಿ, ಬಟ್ಟೆ ಚೂರಿನ ಚೀಲ, ಮಂಚದ ಕೆಳಗಿನ ಧೂಳು, ಎಲ್ಲೂ ಇರಲಿಲ್ಲ.

ಅವಳಿಗೆ ಟೈಲರಮ್ಮ ಎಂದು ಹೆಸರಿಟ್ಟದ್ದು ಅಕ್ಕನ ಗಂಡ. ಬಸ್ಸು ಓಡಿಸುವ ಈ ಭಾವನೇ ಅವಳಿಗೆ ಆಟದ ಹುಚ್ಚನ್ನೂ ಹತ್ತಿಸಿದ್ದು. ಇನ್ನೂರು ವರ್ಷ ಹಿಂದಿನ ಸೈನ್ಯಗಳನ್ನು ಪ್ಲಾಸ್ಟಿಕ್ ಬೊಂಬೆಗಳಲ್ಲಿ ಕಟ್ಟಿ, ಬಣ್ಣ ಹಚ್ಚಿ, ಊಟದ ಮೇಜಿನ ಮೇಲೆ ದಾಳ ಉರುಳಿಸಿ ಕಾದಾಡುವ ಆಟ. ಭಾನುವಾರ ಬಂತೆಂದರೆ ಅಕ್ಕನ ಮನೆಯಲ್ಲಿ ಅವಳದು ನೀಲಿ ಕೋಟು, ಭಾವನದು ಕೆಂಪು. ಅಪ್ಪ ಅಮ್ಮ ಹೋದ ಮೇಲೆ ಅವಳಿಗೆ ತವರು ಅಂತ ಉಳಿದದ್ದು ಆ ಮೇಜು ಒಂದೇ.

ಅಂಗಡಿಯ ಪೊಟ್ಟಣದಲ್ಲಿ ನಗಾರಿ ಬಾರಿಸುವವನು ಇರುವುದಿಲ್ಲ, ಎಲ್ಲರ ಕೈಯಲ್ಲೂ ಬಂದೂಕು. ಹಾಗಾಗಿ ಅವಳು ಒಬ್ಬನ ಬಂದೂಕು ಕತ್ತರಿಸಿ, ತೋಳುಗಳನ್ನು ಬಿಸಿನೀರಿಗೆ ಹಿಡಿದು ಬಗ್ಗಿಸಿ, ಟೂತ್‌ಪೇಸ್ಟಿನ ಮುಚ್ಚಳವನ್ನು ಕೊರೆದು ನಗಾರಿ ಮಾಡಿದ್ದಳು. ಇನ್ನೊಬ್ಬನ ತಲೆ ತಂದು, ಎಡಕ್ಕೆ ತಿರುಗಿಸಿ ಅಂಟಿಸಿದ್ದಳು. ತಲೆ ಕಳಚದಿರಲೆಂದು ಕತ್ತಿನೊಳಗೆ ಗುಂಡುಸೂಜಿಯ ತುಂಡೊಂದನ್ನು ತೂರಿಸಿದ್ದಳು. ಸೂಜಿಯ ಸಂಗತಿ ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳುವಷ್ಟು ದೊಡ್ಡದೇನಲ್ಲ ಅನ್ನಿಸಿತ್ತು.

ಮೊದಲ ಸಲ ಅವನನ್ನು ಅಖಾಡಕ್ಕೆ ಇಳಿಸಿದ ದಿನ ಭಾವ ತನ್ನ ಸರದಿ ಮರೆತು ಬೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿದ್ದ. ಮರುವಾರ ಅಕ್ಕ ಭಾವ ಇಬ್ಬರೂ ಇವಳ ಮನೆಗೆ ಊಟಕ್ಕೆ ಬಂದರು. ಅವರು ಬರುವ ಮುಂಚೆ ಅವಳು ಗಡಿಬಿಡಿಯಲ್ಲಿ ಹೊಲಿಗೆ ಮೇಜನ್ನು ತೆರವು ಮಾಡಿದ್ದಳು. ಚೆನ್ನಾಗಿದ್ದವು ಕಪಾಟಿಗೆ, ಬಣ್ಣ ಕೆಟ್ಟವು ಬಣ್ಣ ಬಿಡಿಸುವ ದ್ರಾವಣದ ಗಾಜಿನ ಭರಣಿಗೆ. ಅವರು ಹೋದ ಮೇಲೆ ಕಪಾಟು ನೋಡಿದರೆ ನಗಾರಿಯವನಿಲ್ಲ.

ಮುಂದಿನ ಭಾನುವಾರ ಭಾವನ ಕೆಂಪು ಸಾಲಿನಲ್ಲಿ ನಗಾರಿಯವನೊಬ್ಬ ನಿಂತಿದ್ದ. ಮುಚ್ಚಳದ ನಗಾರಿ, ಎಡಕ್ಕೆ ತಿರುಗಿದ ತಲೆ. ಹೇಗೆ ಮಾಡಿದಿರಿ ಎಂದು ಕೇಳಿದಳು. ಭಾವ, ಹೀಗೇ ಏನೋ ಆಯ್ತು ಅಂದು, ಬೊಂಬೆಯನ್ನು ಹಿಂದಿನ ಸಾಲಿಗೆ ಸರಿಸಿದ. ಅಕ್ಕ ನಗು ನುಂಗಿಕೊಂಡು ಅಡುಗೆಮನೆಗೆ ಎದ್ದು ಹೋದಳು.

ಮನೆಗೆ ಬರುವ ದಾರಿಯುದ್ದಕ್ಕೂ ಆ ನುಂಗಿದ ನಗುವೇ ಅವಳನ್ನು ಕುಟುಕಿತು. ನೀಲಿ ಕೋಟು ಕೆಂಪಾಗಲು ಎಷ್ಟು ಹೊತ್ತು ಬೇಕು? ಒಡಹುಟ್ಟಿದವಳ ಗಂಡನನ್ನು ಹೀಗೆ ಅನುಮಾನಿಸುವುದು ತಪ್ಪೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಅನುಮಾನ ಕಡಿಮೆಯಾಗಲಿಲ್ಲ. ಕೇಳಿಬಿಟ್ಟರೆ ಆ ಮನೆಯ ಬಾಗಿಲು ಮುಚ್ಚಬಹುದು. ಕೇಳದಿದ್ದರೆ ಆ ಮೇಜಿನೆದುರು ಕೂರುವುದು ಹೇಗೆ?

ನೆಲಕ್ಕೆ ಬಿದ್ದ ಸೂಜಿಗಳನ್ನು ಆರಿಸಲು ಅವಳ ಬಳಿ ಒಂದು ಅಯಸ್ಕಾಂತವಿತ್ತು. ಬಾಯಿಬಿಟ್ಟು ಕೇಳುವ ಗೋಜೇ ಬೇಡವೆಂದು ಮುಂದಿನ ವಾರ ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಹೋದಳು.

ಭಾವ ನೀರು ಕುಡಿಯಲು ಎದ್ದ. ಅವಳು ಅಯಸ್ಕಾಂತವನ್ನು ನಗಾರಿಯವನ ಕತ್ತಿನ ಹತ್ತಿರ ತಂದಳು. ಅವನು ರಟ್ಟಿನ ಪೀಠದ ಸಮೇತ ಎದ್ದು ಬಂದು ಟಕ್ಕನೆ ಅಂಟಿಕೊಂಡ. ಬಿಡಿಸುವಷ್ಟರಲ್ಲಿ ಭಾವ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಏನಮ್ಮ ಅದು?"

"ಇದರ ಕತ್ತಲ್ಲಿ ನನ್ನ ಗುಂಡುಸೂಜಿ ಇದೆ, ಭಾವ."

ಭಾವ ಲೋಟ ಕೆಳಗಿಟ್ಟ. ಬೊಂಬೆಯನ್ನು ಅವಳ ಕೈಯಿಂದ ತೆಗೆದುಕೊಂಡು ತಲೆಯನ್ನು ಹಿಡಿದು ತಿರುಚಿದ. ಲಟಕ್ ಎಂದಿತು. ಮುಂಡದ ಮೇಲೆ ಚಾಚಿಕೊಂಡಿದ್ದದ್ದು ಸೂಜಿಯಲ್ಲ, ಕಾಗದಕ್ಕೆ ಸಿಕ್ಕಿಸುವ ಕ್ಲಿಪ್ಪಿನ ದಪ್ಪ ತಂತಿ. ಕೆಂಪಿನ ಕೆಳಗೆ ನೀಲಿಯೂ ಇರಲಿಲ್ಲ, ಬರೀ ಬೂದು ಪ್ಲಾಸ್ಟಿಕ್.

"ಸೂಜಿ ಹಾಕೋದು ನನಗೆ ಹೊಳೀಲಿಲ್ಲ," ಅಂದ ಭಾವ. "ಹಾಕಿದ್ರೆ ಇಷ್ಟು ದೊಡ್ಡ ತೂತು ಬೇಕಾಗ್ತಿರಲಿಲ್ಲ."

ಅಕ್ಕ ಅಡುಗೆಮನೆಯಿಂದಲೇ ಹೇಳಿದಳು. ನಿನ್ನದನ್ನು ನೋಡಿ ಇವರಿಗೆ ಹೊಟ್ಟೆಕಿಚ್ಚು, ಅದೇ ಥರದ್ದು ಮಾಡಲು ಹೋಗಿ ನಾಲ್ಕೈದು ಸಿಪಾಯಿಗಳ ಕುತ್ತಿಗೆ ಮುರಿದರು, ನಿನಗೆ ಹೇಳಬೇಡ ಅಂತ ನನ್ನ ಬಾಯಿ ಕಟ್ಟಿದ್ದರು ಎಂದಳು. ಹೇಳುವಾಗ ಅವಳ ದನಿಯಲ್ಲಿ ನಗುವಿರಲಿಲ್ಲ. ಆ ದಿನ ಯಾರೂ ದಾಳ ಮುಟ್ಟಲಿಲ್ಲ. ಟೈಲರಮ್ಮ ಹೊರಟಾಗ ಬಾಗಿಲವರೆಗೂ ಯಾರೂ ಬರಲಿಲ್ಲ.

ಮನೆಗೆ ಬಂದು ದೀಪ ಹಾಕಿ ಹೊಲಿಗೆ ಮೇಜಿನ ಮುಂದೆ ಕೂತಳು. ಭರಣಿಯಲ್ಲಿ ಬಣ್ಣ ಕಳೆದುಕೊಂಡ ಸಿಪಾಯಿಗಳು ಒಬ್ಬರ ಮೇಲೊಬ್ಬರು ಬಿದ್ದಿದ್ದರು, ಎಲ್ಲರೂ ಬೂದು, ಎಲ್ಲರೂ ಒಂದೇ. ಏನು ಅನ್ನಿಸಿತೋ, ಅಯಸ್ಕಾಂತವನ್ನು ಗಾಜಿಗೆ ಹಿಡಿದಳು. ರಾಶಿಯ ನಡುವೆ ಒಬ್ಬ ಅಲುಗಾಡಿದ. ಹೊರಳಿದ. ಕತ್ತು ಮುಂದೆ ಮಾಡಿ ಬಂದು ಗಾಜಿಗೆ ಒರಗಿಕೊಂಡ. ತೋಳುಗಳು ಬಾಗಿದ್ದವು. ಅಂಟು ಕರಗಿ ಕಳಚಿದ ಮುಚ್ಚಳ ತಳದಲ್ಲಿ ಬಿದ್ದಿತ್ತು.

ಗಡಿಬಿಡಿಯಲ್ಲಿ ಅವನನ್ನು ಅಲ್ಲಿಗೆ ನೂಕಿದ್ದು ಅವಳದೇ ಕೈ.

ಮರುದಿನ ಸಂಜೆ ಭಾವ ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ಅಕ್ಕನ ಮನೆ ಬಾಗಿಲು ತಟ್ಟಿದಳು. ಬಾಗಿಲು ತೆರೆದವನು ಭಾವ, ಮೈಮೇಲೆ ಇನ್ನೂ ಖಾಕಿ. ಅವಳು ಅಂಗೈ ಬಿಚ್ಚಿದಳು. ಬೂದು ಬೊಂಬೆ, ಪಕ್ಕದಲ್ಲಿ ಹೊಸದಾಗಿ ಕತ್ತರಿಸಿದ ಗುಂಡುಸೂಜಿಯ ಒಂದು ತುಂಡು.

"ಭರಣೀಲಿದ್ದ, ಭಾವ. ನಾನೇ ಹಾಕಿದ್ದೆ. ನಿಮ್ಮವನ ತಲೆ ನಾನೇ ಕೂರಿಸಿಕೊಡ್ತೀನಿ."

ಭಾವ ಬೊಂಬೆಯನ್ನು ನೋಡಿದ, ಅವಳ ಕೈಚೀಲವನ್ನು ನೋಡಿದ.

"ಆ ಅಯಸ್ಕಾಂತ ಇವತ್ತೂ ತಂದಿದೀಯಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೌದೆಂದು ತಲೆಯಾಡಿಸಿದಳು.

"ಚಪ್ಪಲಿ ಜೊತೆ ಅದನ್ನೂ ಹೊರಗೇ ಬಿಟ್ಟು ಬಾ."