ಕುಡ್ತೆಯ ಬಾಯಿ

ಬ್ರಹ್ಮಾವರದಿಂದ ಕೋಡಿಯ ಅಪ್ಪಯ್ಯನ ಮನೆಗೆ ಬರುವಾಗ ಅಮಿತಾ ತೂಕದ ಮಷೀನನ್ನೂ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಹುಟ್ಟುಹಬ್ಬದ ಕೇಕ್ ಮಾಡಿ ಮಾರುವವಳು ಅವಳು. ಒಂದು ಗ್ರಾಂ ಆಚೀಚೆಯಾದರೂ ಮನಸ್ಸು ಒಪ್ಪುತ್ತಿರಲಿಲ್ಲ. ಈ ಮನೆಯಲ್ಲಿ ಮಾತ್ರ ಕೇಕೆಂದರೆ ಅಬ್ಬಿಯದೇ, ಅವಳ ತಾಯಿ ಮಾಡಿದ್ದೇ: ಕಡಲ ದಂಡೆಯ ಹೊಯ್ಗೆ ತುಂಬಿದ ಬಾಣಲೆಯೊಳಗೆ ಪಾತ್ರೆ ಇಟ್ಟು, ಮುಚ್ಚಳದ ಮೇಲೆ ಕೆಂಡ ಹರವಿ ಬೇಯಿಸಿದ್ದು. ಅಬ್ಬಿ ಹೋಗಿ ಎರಡು ಮಳೆಗಾಲ ಕಳೆದಿತ್ತು.

ನಾಳೆ ಅಪ್ಪಯ್ಯ ಆಸ್ಪತ್ರೆ ಸೇರಬೇಕು. ಗಂಟಲಿನ ಆಪರೇಷನ್. ಇನ್ನು ಊಟವೆಲ್ಲ ನಳಿಗೆಯಲ್ಲೇ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅದಕ್ಕೆ ಮೊದಲು ಏನು ತಿನ್ನಬೇಕು ಅನ್ನಿಸುತ್ತದೆ ಎಂದು ಕೇಳಿದರೆ, ಅಪ್ಪಯ್ಯ ಬಚ್ಚ ಮಗಳ ಮುಖ ನೋಡದೆ ಹೇಳಿದ್ದರು: "ನಿನ್ ಅಬ್ಬಿ ಕೇಕ್."

ಲೆಕ್ಕ ಅಮಿತಾಗೆ ಬಾಯಿಪಾಠ. ಮೂರು ಕುಡ್ತೆ ಮೈದಾ, ಎರಡು ಕುಡ್ತೆ ಸಕ್ಕರೆ, ಒಂದು ಕುಡ್ತೆ ತುಪ್ಪ, ಆರು ಮೊಟ್ಟೆ. ಅಬ್ಬಿಯ ಹಿತ್ತಾಳೆ ಕುಡ್ತೆ, ಒಂದು ಲೋಟದಷ್ಟು ಹಿಡಿಯುವ ಆ ಅಳತೆ, ಇನ್ನೂ ಕಪಾಟಿನಲ್ಲೇ ಇತ್ತು. ಅದಕ್ಕೆ ನೀರು ತುಂಬಿ ತೂಗಿದಳು. ಇನ್ನೂರ ಹತ್ತು ಗ್ರಾಂ. ಅಂದರೆ ಇನ್ನೂರ ಹತ್ತು ಮಿಲಿ. ಒರೆಸಿ, ಮೈದಾ ತುಂಬಿ, ಚಾಕುವಿನ ಬೆನ್ನಿನಿಂದ ಬಾಯಿ ಸವರಿದಳು. ನೂರ ಹನ್ನೊಂದು. ಎಲ್ಲವನ್ನೂ ಹೀಗೇ ಗ್ರಾಮಿಗೆ ಇಳಿಸಿಕೊಂಡಳು.

ಕೇಕ್ ನಡುವೆ ಕುಸಿದು, ಹಾಲುಬಾಯಿಯಂತೆ ಮೆತ್ತಗೆ ಕೂತಿತು.

"ಎಂತದೆ ಇದ್? ಕೇಕಾ, ಮಣ್ಣಿಯಾ?" ಬಚ್ಚರ ಸ್ವರ ಆಗಲೇ ಪಿಸುಮಾತಾಗಿತ್ತು, ನಗು ಮಾತ್ರ ಹಳೆಯದೇ.

"ಅಬ್ಬಿ ಲೆಕ್ಕವೇ, ಅಪ್ಪಯ್ಯ. ಒಂದ್ ಗ್ರಾಮೂ ತಪ್ಲಿಲ್ಲ."

"ಅಳ್ದದ್ದ್ ಹ್ಯಾಂಗೆ?"

"ಕುಡ್ತಿ ಬಾಯಿ ಸಮ ಮಾಡಿ."

"ಅಯ್ಯೋ ಹೆಣ್ಣೆ! ನಿನ್ ಅಬ್ಬಿ ಮೀನ್ ಮಾರ್ದವ್ಳ್. ಬಾಯಿ ಸಮ ಮಾಡಿ ಕೊಟ್ರೆ ಗಿರಾಕಿ ಬತ್ರಾ? ಇಲ್ ಕಾಣ್."

ಅವರು ಕುಡ್ತೆಯನ್ನು ಎಡಗೈಯಲ್ಲಿ ಹಿಡಿದು, ಬೆರಳುಗಳನ್ನು ಅಂಚಿನಿಂದ ಮೇಲೆ ಚಾಚಿ, ಬಾಯಿಯ ಸುತ್ತ ಗೋಡೆ ಕಟ್ಟಿ ತೋರಿಸಿದರು.

ಅಮಿತಾ ಅದನ್ನು ಎಷ್ಟು ಸಲ ನೋಡಿರಲಿಲ್ಲ! ಪೇಟೆಯಲ್ಲಿ ಒಣ ಚಟ್ಲಿ, ಅಂದರೆ ಸಿಗಡಿ, ಅಳೆಯುವಾಗ ಅಬ್ಬಿಯ ಬೆರಳುಗಳು ಹೀಗೇ ಎದ್ದು ನಿಲ್ಲುತ್ತಿದ್ದವು; ಪಾತ್ರೆ ಹಿಡಿಯದಷ್ಟನ್ನು ಕೈ ಹಿಡಿಯುತ್ತಿತ್ತು. ಕುಸಿದ ಕೇಕಿನ ಕಾರಣ ಈಗ ಅವಳಿಗೆ ಹೊಳೆಯಿತು. ಹಿಟ್ಟು ಗುಡ್ಡೆಯಾಗಿ ನಿಲ್ಲುತ್ತದೆ, ಸಕ್ಕರೆ ಜಾರುತ್ತದೆ, ಕಾಯಿಸಿದ ತುಪ್ಪಕ್ಕೆ ಗುಡ್ಡೆಯೇ ಇಲ್ಲ. ಬಾಯಿ ಸವರಿದಾಗ ಎಲ್ಲಕ್ಕಿಂತ ಹೆಚ್ಚು ಕಳೆದುಹೋದದ್ದು ಹಿಟ್ಟು.

ತಾನೂ ಹಾಗೆ ಕೈ ಕಟ್ಟಿ ಸುರಿದಳು. ನೂರ ಮೂವತ್ತೆಂಟು. ಆದರೆ ಇದು ಅವಳ ಕೈ. ಅಬ್ಬಿಯ ಬೆರಳು ಉದ್ದ, ಗಂಟುಗಂಟು. ಪಾತ್ರೆ ಉಳಿದಿದೆ, ಅಳತೆಯ ಉಳಿದ ಭಾಗವಾದ ಆ ಕೈ ಕೋಡಿಯ ಸುಡುಗಾಡಿನಲ್ಲಿ ಬೂದಿಯಾಗಿದೆ. ಅದಕ್ಕೆ ನೀರು ತುಂಬಿ ತೂಗುವುದು ಹೇಗೆ?

"ಆತಿಲ್ಲೆ ಅಪ್ಪಯ್ಯ. ಅಬ್ಬಿ ಕೈ ಎಷ್ಟ್ ಹಿಡಿತಿತ್ತ್ ಅಂತ ಗೊತ್ತಾತಿಲ್ಲೆ."

ಬಚ್ಚ ಮಣೆ ಎಳೆದುಕೊಂಡು ಹತ್ತಿರ ಕೂತರು. ಬಲೆಯ ಹಗ್ಗ ಎಳೆದು ಒರಟಾದ ತಮ್ಮ ಕೈಯನ್ನು ಮಗಳ ಬೆರಳುಗಳ ಸುತ್ತ ತಂದರು. "ಹಾಕ್," ಎಂದರು. ಹಿಟ್ಟು ಏರಿತು. "ಇನ್ನೊಂಚೂರ್." ಅವರ ಕಣ್ಣು ಹಿಟ್ಟಿನ ತುದಿಯ ಮೇಲಿತ್ತು, ಹೆಂಡತಿಯ ಕೈಯನ್ನೇ ನೋಡುತ್ತಿರುವಂತೆ. "ಹ್ಞಾಂ. ಇಷ್ಟೇ ಇಪ್ಪುದ್."

ಅಮಿತಾ ಅದನ್ನು ತೂಗಲಿಲ್ಲ.

ಕೇಕ್ ಈ ಸಲ ಉಬ್ಬಿತು, ಮೇಲೆ ಬಿರುಕೂ ಬಿಟ್ಟಿತು. ಬಚ್ಚ ಒಂದು ಚೂರನ್ನು ಚಾದಲ್ಲಿ ಅದ್ದಿ ಬಾಯಿಗಿಟ್ಟರು.

"ಅದೇ ಆಯ್ತಾ, ಅಪ್ಪಯ್ಯ?"

ಕೈಯಾಡಿಸಿದರು: ಹತ್ತಿರ ಬಂದಿದೆ ಎಂಬಂತೆ, ಅಥವಾ ಈಗ ಮಾತಾಡಿಸಬೇಡ ಎಂಬಂತೆ. ಚೂರು ಯಾವಾಗಲೋ ಕರಗಿರಬೇಕು. ಅವರು ಮಾತ್ರ ಬಾಯಿ ಮುಚ್ಚಿಕೊಂಡೇ ಕೂತಿದ್ದರು, ನುಂಗದೆ.