ರಾಗಿ ಬಿಯರ್

ಪುಲ್ಪಳ್ಳಿಯ ಮಾದಪ್ಪ ಮೊಳಕೆ ಬರಿಸಿದ ರಾಗಿಯಿಂದ ಮನೆಯಲ್ಲೇ ಬಿಯರ್ ಮಾಡಿದ. ನೀರಿನ ಕ್ಯಾನಿನ ಮುಚ್ಚಳಕ್ಕೆ ತೂತು ಕೊರೆದು, ಗ್ಯಾಸ್ ಹೋಗಲು ಸಣ್ಣ ಪೈಪು ಸಿಕ್ಕಿಸಿದ್ದ. ಹೀಗೆ ಮನೆಯಲ್ಲಿ ಬಿಯರ್ ಮಾಡುವುದು ಅಪರಾಧವೆಂದು ಅವನಿಗೆ ಗೊತ್ತಿತ್ತು. ಆದರೂ ಹತ್ತನೆಯ ದಿನ, ಬೇಲಿಯ ಜಗಳದಲ್ಲಿ ಆರು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣ ಸಿದ್ದಪ್ಪನ ಮನೆಗೆ ಒಂದು ಬಾಟಲಿ ಒಯ್ದ.

ಸಿದ್ದಪ್ಪ ನಿಧಾನವಾಗಿ ಎರಡು ಲೋಟ ಕುಡಿದ. “ಚೆಂದಾಗಿ ಅದೆ ಕಣೋ. ಇನ್ನೂ ಅದಾ?”

“ಕ್ಯಾನ್ ತುಂಬ ಅದೆ ಅಣ್ಣ, ಒಲೆ ಪಕ್ಕದಲ್ಲಿ,” ಎಂದ ಮಾದಪ್ಪನ ಕಣ್ಣು ತುಂಬಿತ್ತು.

ಮರುದಿನ ಬೆಳಿಗ್ಗೆ ಎಕ್ಸೈಸಿನವರು ಬಂದು ನೇರವಾಗಿ ಒಲೆಯ ಬಳಿಗೇ ಹೋದರು.

ಹದಿನಾಲ್ಕು ದಿನ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದ ಮಾದಪ್ಪ ಅಣ್ಣನ ಅಂಗಳದಲ್ಲಿ ನಿಂತು ಕೇಳಿದ. “ನೀನೇನಾ ಹೇಳಿದ್ದು?”

“ನಾನೇ,” ಎಂದ ಸಿದ್ದಪ್ಪ. “ರಾಜಿ ಮಾಡ್ಕೊ ಅಂತ ನಾನೇನು ಕೇಳಿದ್ನಾ?”

ಮಾದಪ್ಪ ಮನೆಗೆ ನಡೆದ.